ಎಳೆದರೆ ತೆರೆಯುವ ಗೇಟು

ಮೊನ್ನೆ ಹರಪನಹಳ್ಳಿಯಲ್ಲಿ ನಮ್ಮ ಮನೆಯ ಹತ್ತಿರದ ಪಾರ್ಕಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆ. ದನ ಒಳಗೆ ಬರಬಾರದೆಂದು ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ ನಿಲ್ಲಿಸಿ, ಮನುಷ್ಯರು ಮಾತ್ರ ಮೈ ತಿರುಗಿಸಿಕೊಂಡು ದಾಟುವಂತೆ ಒಂದು ಸಂದು ಬಿಟ್ಟಿರುತ್ತಾರಲ್ಲ, ನೀವೂ ನೋಡಿರುತ್ತೀರಿ. ನಿವೃತ್ತಿಯಾದ ಮೇಲೆ ನನ್ನ ಮೈ ಸ್ವಲ್ಪ ಹರಡಿಕೊಂಡಿದೆ. ಸಾಲದ್ದಕ್ಕೆ ಕೈಯಲ್ಲಿ ಕೊಡೆ, ಹೆಗಲಲ್ಲಿ ತರಕಾರಿ ಚೀಲ. ಅರ್ಧ ತಿರುವಿನಲ್ಲಿ ಚೀಲದ ಹಿಡಿಕೆ ಪೈಪಿಗೆ ಸಿಕ್ಕಿ, ಹಿಂದಕ್ಕೂ ಹೋಗಲಾರೆ, ಮುಂದಕ್ಕೂ ಹೋಗಲಾರೆ. ಹಿಂದೆ ನಿಂತಿದ್ದವರಲ್ಲಿ ಒಬ್ಬರು ಕೊಡೆ ಹಿಡಿದುಕೊಂಡರು, ಇನ್ನೊಬ್ಬರು ಚೀಲ ಬಿಡಿಸಿದರು. ಎಲ್ಲರೂ ಬಹಳ ಮರ್ಯಾದೆಯಿಂದ ನಗು ತಡೆದುಕೊಂಡಿದ್ದರು. ತಡೆದುಕೊಳ್ಳಲಾರದೆ ನಕ್ಕವಳು ನಾನೇ. ಯಾಕೆಂದರೆ ಇಂಥದೇ ಒಂದು ಸಂದನ್ನು ಒಂದು ಕಾಲದಲ್ಲಿ ನಾನೂ ಕಟ್ಟಿಸಿದ್ದೆ. ಅದರಲ್ಲಿ ಮನುಷ್ಯರು ಸಿಕ್ಕಿಕೊಂಡರೇ ಹೊರತು, ಯಾರನ್ನು ತಡೆಯಲೆಂದು ಕಟ್ಟಿಸಿದ್ದೆನೋ ಅವರು ಸಲೀಸಾಗಿ ದಾಟಿ ಬಂದಿದ್ದರು.

ಅದನ್ನು ಹೇಳುವ ಮೊದಲು ನನ್ನ ಚಿತ್ರಕಲೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಓದಿದ್ದು ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ. ಅಲ್ಲಿ ಚಿತ್ರ ಅಂದರೆ ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಹೊಳೆಯ ದಂಡೆಗೆ ಒಂದು ಹೆಂಚಿನ ಮನೆ. ಮಾಸ್ತರು ಬೋರ್ಡಿನ ಮೇಲೆ ಬಿಡಿಸುತ್ತಿದ್ದರು, ನಾವು ಸ್ಲೇಟಿನ ಮೇಲೆ ಬಿಡಿಸುತ್ತಿದ್ದೆವು. ನಮ್ಮೂರಿನಲ್ಲಿ ಅಂಥ ಹೊಳೆ ಇರಲಿಲ್ಲ, ನಮ್ಮದು ಮಣ್ಣಿನ ಮಾಳಿಗೆ ಮನೆ. ಒಮ್ಮೆ ನಾನು ಹೊಳೆ ಬಿಟ್ಟು ನಮ್ಮ ಕೋಳಿ ಗೂಡನ್ನು ಬಿಡಿಸಿದೆ. ಅದಕ್ಕೆ ನಮ್ಮಪ್ಪ ಚಪ್ಪಲಿಯ ಹಳೆಯ ಬಾರಿನಿಂದ ಮಾಡಿದ ಕೀಲು ಬಹಳ ಚೆಂದವಿತ್ತು. ಮಾಸ್ತರು ಅದನ್ನು ಎಂಜಲು ಹಚ್ಚಿ ಅಳಿಸಿ, ಹೊಳೆ ಬಿಡಿಸಿ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದೆ ನಾನು ಟೀಚರಾದಾಗ ನನ್ನ ಮಕ್ಕಳಿಗೆ ಬಿಡಿಸಿ ತೋರಿಸಿದ್ದೂ ಎರಡು ಗುಡ್ಡ ಮತ್ತು ಒಂದು ಸೂರ್ಯನನ್ನೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಮುಕ್ಕಾಲು ತಾಸು ನಡೆದರೆ ಸಿಗುವ ಊರಿನಲ್ಲಿ ನನ್ನ ಕೆಲಸ. ಎರಡು ಕೋಣೆ, ಇಬ್ಬರು ಶಿಕ್ಷಕರು. ಹೆಡ್‌ಮಾಸ್ತರು ಕೊಟ್ರಬಸಪ್ಪನವರು ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ, ಮೂರು ಮತ್ತು ನಾಲ್ಕನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು.

ಆ ವರ್ಷ ನಮಗೆಲ್ಲ ಒಂದು ತರಬೇತಿಯಾಯಿತು. ಮಕ್ಕಳಿಗೆ ಉತ್ತರ ಹೇಳಬೇಡಿ, ಸಮಸ್ಯೆ ಕೊಡಿ. ಅವರು ಮೊದಲು ಕೇಳಿ ತಿಳಿಯಲಿ, ಆಮೇಲೆ ಚಿತ್ರ ಬಿಡಿಸಲಿ, ಆಮೇಲೆ ಕೈಯಿಂದ ಮಾಡಿ ನೋಡಲಿ, ತಪ್ಪಾದರೆ ಇನ್ನೊಮ್ಮೆ ಮಾಡಲಿ ಅಂತ ಐದು ದಿನ ಹೇಳಿದರು. ನಾನು ಬಲು ಶ್ರದ್ಧೆಯಿಂದ ಬರೆದುಕೊಂಡೆ. ಊರಿಗೆ ಬಂದು ಪಾಠದ ಟಿಪ್ಪಣಿಯಲ್ಲಿ ‘ಸಮಸ್ಯೆ’ ಅಂತ ಒಂದು ಗೆರೆ ಹಾಕಿ, ಅದರ ಪಕ್ಕದಲ್ಲಿ ಮಕ್ಕಳು ಯಾವ ಉತ್ತರ ಕಂಡುಹಿಡಿಯಬೇಕು ಅನ್ನುವುದನ್ನೂ ನಾನೇ ಬರೆದಿಟ್ಟೆ.

ನಿಜವಾದ ಸಮಸ್ಯೆ ನಾಲ್ಕು ಕಾಲಿನಲ್ಲಿ ದಿನವೂ ಗೇಟಿನಿಂದ ಒಳಗೆ ಬರುತ್ತಿತ್ತು.

ಕೊಟ್ರಬಸಪ್ಪ ಮಾಸ್ತರಿಗೆ ಮಕ್ಕಳಿರಲಿಲ್ಲ. ಗಿಡಗಳೆಂದರೆ ಜೀವ. ಶಾಲೆಯ ಅಂಗಳದಲ್ಲಿ ಬೇವು, ಹೊಂಗೆ, ನೆಲ್ಲಿ, ಪೇರಲ ಅಂತ ಇಪ್ಪತ್ತು ಸಸಿ ನೆಟ್ಟು, ಬೋರಿನಿಂದ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಸುತ್ತ ಕಲ್ಲಿನ ಗೋಡೆಯಿತ್ತು, ಮೇಲೆ ಜಾಲಿಮುಳ್ಳು ಹೊದಿಸಿದ್ದರು. ಕಬ್ಬಿಣದ ಗೇಟೂ ಇತ್ತು. ಮುಚ್ಚಿದರೆ ತಾನೆ? ಕೊನೆಗೆ ಬಂದವನು ಮುಚ್ಚಬೇಕು ಅಂತ ನಿಯಮ. ತಾನೇ ಕೊನೆಯವನು ಅಂತ ಯಾವ ಹುಡುಗನೂ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೆ ಸರಿಯಾಗಿ ಹತ್ತು ಹನ್ನೆರಡು ಆಡು ಗೇಟನ್ನು ತಲೆಯಿಂದ ದಬ್ಬಿಕೊಂಡು ಬಂದು ಸಸಿಗಳ ತುದಿ ಕಡಿಯುತ್ತಿದ್ದವು. ಮಾಸ್ತರು ಗೇಟಿಗೊಬ್ಬ ಮಾನಿಟರನನ್ನು ನೇಮಿಸಿದರು. ಪಾಪ, ಅವನು ವಾರದಲ್ಲಿ ಮೂರು ಸಲ ಏಟು ತಿಂದ. ನಾಲ್ಕನೆಯ ಸಲ ಅವರು ಕೋಲು ಎತ್ತಿದಾಗ ನಾನು ನಡುವೆ ಬಾಯಿ ಹಾಕಿ, ಇದನ್ನು ಮಕ್ಕಳಿಗೇ ಸಮಸ್ಯೆಯಾಗಿ ಕೊಡೋಣ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ತರಬೇತಿಯ ಗುಂಗು ಇನ್ನೂ ಇಳಿದಿಲ್ಲ ಅಂದುಕೊಂಡು ಕೋಲು ಕೆಳಗಿಟ್ಟರು.

ಮಕ್ಕಳು ಚಿತ್ರ ಬಿಡಿಸಿದರು. ಗೇಟಿನ ಮೇಲೆ ಹುಲಿ, ಗೇಟಿನ ಮುಂದೆ ಪೊಲೀಸ್, ಗೇಟಿಗೆ ಸುತ್ತಿಕೊಂಡ ನಾಗರಹಾವು. ತಿಪ್ಪೇಶಿ ಅನ್ನುವ ಹುಡುಗನ ಕೈ ಮಾತ್ರ ಚೆನ್ನಾಗಿತ್ತು. ಅವನು ಗೇಟಿನ ಒಂದೊಂದು ಸರಳನ್ನೂ ಲೆಕ್ಕ ತಪ್ಪದಂತೆ ಬಿಡಿಸಿ, ಪಕ್ಕದಲ್ಲಿ ಹೆಡ್‌ಮಾಸ್ತರನ್ನು ಕೋಲಿನ ಸಮೇತ ನಿಲ್ಲಿಸಿದ್ದ. ಇವರಿಂದ ಆಗುವುದಿಲ್ಲ ಅಂತ ನನ್ನ ಟಿಪ್ಪಣಿಯ ಉತ್ತರವನ್ನೇ ಹೊರತೆಗೆದೆ. ಯಾವುದೋ ರೈಲ್ವೆ ಸ್ಟೇಷನ್ನಿನಲ್ಲಿ ನೋಡಿದ್ದ ಅಡ್ಡಪೈಪಿನ ಸಂದು ಅದು. ಶನಿವಾರ ಗೇಟಿನ ಒಂದು ಬದಿಯಲ್ಲಿ ಗಳ ನೆಟ್ಟು ಕಟ್ಟಿಸಿ, ಗೇಟಿಗೆ ಬೀಗ ಹಾಕಿಸಿದೆ. ಸೋಮವಾರ ಮಾಸ್ತರು ನೀರಿನ ಕೊಡದ ಸಮೇತ ಆ ಸಂದಿನಲ್ಲಿ ಸಿಕ್ಕಿಕೊಂಡರು. ಅವರನ್ನು ಬಿಡಿಸಿ ಪ್ರಾರ್ಥನೆ ಮುಗಿಸುವಷ್ಟರಲ್ಲಿ ಆಡುಗಳು ಒಂದರ ಹಿಂದೊಂದು, ಶಾಲೆಯ ಮಕ್ಕಳಿಗಿಂತ ಶಿಸ್ತಾಗಿ, ಬಳುಕಿಕೊಂಡು ಒಳಗೆ ಬಂದವು.

ಆಗ ಗೋಡೆಯ ಆಚೆ ಯಾರೋ ನಕ್ಕರು.

ನೋಡಿದರೆ ಒಂದು ಹುಡುಗಿ, ಹತ್ತು ವರ್ಷವಿರಬಹುದು. ತಲೆಗೆ ಹಳೆಯ ಟವೆಲ್ ಸುತ್ತಿದ್ದಳು, ಕೈಯಲ್ಲಿ ಸೊಪ್ಪು ಸವರುವ ಕುಡುಗೋಲು ಕಟ್ಟಿದ ಉದ್ದನೆಯ ಗಳ. ಇವಳೇ ಪಾಲಮ್ಮ ಅಂತ ಮಕ್ಕಳು ಕೂಗಿದರು. ಹೆಸರು ಕೇಳಿ ನನ್ನ ಮುಖ ಸಣ್ಣದಾಯಿತು. ಆ ಹೆಸರು ನನ್ನ ಹಾಜರಿ ಪುಸ್ತಕದಲ್ಲಿ ನಾಲ್ಕನೆಯ ತರಗತಿಯ ಒಂಬತ್ತನೆಯ ನಂಬರಿನಲ್ಲಿತ್ತು. ನಾನು ಬಂದಾಗಿನಿಂದ ಅವಳು ಒಂದು ದಿನವೂ ಬಂದಿರಲಿಲ್ಲ. ದಿನವೂ ಹೆಸರು ಕರೆಯುತ್ತಿದ್ದೆ, ಯಾರೂ ಓಗೊಡುತ್ತಿರಲಿಲ್ಲ, ಆದರೂ ಹಾಜರಿ ಹಾಕುತ್ತಿದ್ದೆ. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರನ್ನು ಎತ್ತಿಬಿಡುತ್ತಾರೆ ಅಂತ ಮಾಸ್ತರು ಹೇಳಿದ್ದರು. ಹೊಸಬಳು ನಾನೇ ಆದ್ದರಿಂದ ಎತ್ತುವುದೂ ನನ್ನನ್ನೇ. ಮರುಮಾತಾಡದೆ ಹಾಕಿದ್ದೆ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ಗದರಿಸುವ ಬಾಯಿ ನನಗಿರಲಿಲ್ಲ. ಹೀಗಾಗಿ, ಆಡು ಒಳಗೆ ಬರದ ಹಾಗೆ ಏನು ಮಾಡಬೇಕು, ನೀನೇ ಹೇಳು ಅಂತ ಕೇಳಿದೆ.

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ನಾನು ನಿಜವಾಗಿ ಕೇಳುತ್ತಿದ್ದೇನೋ ಇಲ್ಲವೋ ಅಂತ ನೋಡುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

“ಆಡು ದಬ್ಬತಾವ್ರಿ ಟೀಚರ್, ಎಳ್ಯಾದಿಲ್ಲ. ನಿಮ್ಮ ಗೇಟು ದಬ್ಬಿದ್ರ ತೆರಿತೈತಿ. ಎಳದ್ರ ತೆರಿಯಂಗ ಮಾಡ್ರಿ.”

ಅಷ್ಟೇ. ಐದು ದಿನದ ತರಬೇತಿಯಲ್ಲಿ ನನಗೆ ತಿಳಿಯದಿದ್ದದ್ದು ಆ ಒಂದು ಮಾತಿನಲ್ಲಿ ತಿಳಿಯಿತು. ಗೇಟು ಹೊರಗಡೆಗೆ ತೆರೆಯಬೇಕು. ಆಡು ಎಷ್ಟು ದಬ್ಬಿದರೂ ಅದು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಅಕಸ್ಮಾತ್ ಒಳಗೆ ಬಂದ ಆಡು ದಬ್ಬಿಕೊಂಡು ಆಚೆ ಹೋಗಬಹುದು, ಮತ್ತೆ ಬರುವ ಹಾಗಿಲ್ಲ. ಆದರೆ ಮುಚ್ಚುವವರು ಯಾರು ಅಂತ ತಿಪ್ಪೇಶಿ ಕೇಳಿದ. ಅದಕ್ಕೆ ಉತ್ತರ ಹುಡುಕುತ್ತ ಆ ವಾರವೆಲ್ಲ ನನ್ನ ತರಗತಿ ಅಂಗಳದಲ್ಲೇ ನಡೆಯಿತು. ರಟ್ಟಿನ ಗೇಟು ಮಾಡಿ, ದಾರ ಕಟ್ಟಿ, ದಾರದ ತುದಿಗೆ ಹರಳುಕಲ್ಲು ಇಳಿಬಿಟ್ಟರು. ಗೇಟು ಎಳೆದರೆ ಕಲ್ಲು ಮೇಲೇರುತ್ತದೆ, ಬಿಟ್ಟರೆ ಕಲ್ಲು ಇಳಿದು ಗೇಟು ತಾನಾಗಿ ಮುಚ್ಚುತ್ತದೆ. ಪಾಲಮ್ಮ ಆಡುಗಳನ್ನು ಎದುರಿನ ಬೀಳಿನಲ್ಲಿ ಬಿಟ್ಟು, ಗೋಡೆಯ ಮೇಲೆ ಗಲ್ಲವೂರಿ ನೋಡುತ್ತಿದ್ದಳು. ಆಗಾಗ ಒಂದು ಮಾತು ಎಸೆಯುತ್ತಿದ್ದಳು. ನಾರಿನ ಹಗ್ಗ ಕಟ್ಟಿದರೆ ಆಡು ತಿಂದುಬಿಡುತ್ತವೆ ಅಂದಳು. ಹಾಗಾಗಿ ಗುಜರಿಗೆ ಹಾಕಬೇಕಾಗಿದ್ದ ಸೈಕಲ್ ಚೈನುಗಳು ಬಂದವು. ಬತ್ತಿದ ಬಾವಿಯ ರಾಟೆಯನ್ನು ಊರಿನವರು ಕಿತ್ತು ಕೊಟ್ಟರು. ಕಾನಹೊಸಹಳ್ಳಿಯ ಕಮ್ಮಾರರೊಬ್ಬರು ಬಂದು ಗೇಟಿನ ಕೀಲು ತಿರುಗಿಸಿಕೊಟ್ಟು ಹೋದರು. ನಾನು ಕಟ್ಟಿಸಿದ್ದ ಸಂದನ್ನು ಕಲ್ಲು ಜೋಡಿಸಿ ಮುಚ್ಚಿದೆವು.

ಕಲ್ಲಿನ ತೂಕದ್ದೇ ದೊಡ್ಡ ಪಾಡಾಯಿತು. ಮೊದಲು ಕಟ್ಟಿದ ಕಲ್ಲಿಗೆ ಒಂದನೆಯ ತರಗತಿಯ ಮಕ್ಕಳು ಗೇಟು ಎಳೆಯಲಾರದೆ ಜೋತುಬಿದ್ದರು. ಸಣ್ಣ ಕಲ್ಲು ಕಟ್ಟಿದರೆ ಗಾಳಿಗೇ ಗೇಟು ತೆರೆದುಕೊಂಡಿತು. ಶಾಲೆಯಲ್ಲೇ ಅತ್ಯಂತ ಸಣ್ಣವಳಾದ ಹುಲಿಗೆಮ್ಮನನ್ನು ಕರೆದು, ಒಂದೊಂದು ಕಲ್ಲು ಬದಲಾಯಿಸಿದಾಗಲೂ ಅವಳಿಂದ ಎಳೆಸಿ ನೋಡಿದರು. ಏಳನೆಯ ಕಲ್ಲಿಗೆ ಅವಳು ಎರಡೂ ಕೈಯಿಂದ ಗೇಟು ಎಳೆದು, ಒಳಗೆ ನುಸುಳಿ, ಹಿಂದೆ ಗೇಟು ಟಣ್ ಅಂತ ಮುಚ್ಚಿದ್ದನ್ನು ಕಂಡು ತಾನೇ ಬೆರಗಾಗಿ ನಿಂತಳು. ನಾನು ಒಂದು ಉತ್ತರವನ್ನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ನನಗೆ ಗೊತ್ತೂ ಇರಲಿಲ್ಲ.

ಮರುದಿನ ಆಡುಗಳು ಬಂದು ತಲೆ ಕೊಟ್ಟು ದಬ್ಬಿದವು, ಮತ್ತೆ ದಬ್ಬಿದವು, ಮುಖ ಮುಖ ನೋಡಿಕೊಂಡು ಹೋದವು. ಕೊಟ್ರಬಸಪ್ಪ ಮಾಸ್ತರು ಎಲ್ಲರಿಗೂ ಪುಟಾಣಿ ಬೆಲ್ಲ ಹಂಚಿದರು.

ಇದರ ಸುದ್ದಿ ಹಬ್ಬಿ, ಹಗರಿಬೊಮ್ಮನಹಳ್ಳಿಯಲ್ಲಿ ಸುತ್ತಲಿನ ತಾಲ್ಲೂಕುಗಳ ಶಿಕ್ಷಕರದೊಂದು ಸಭೆಗೆ ನನ್ನನ್ನು ಕರೆದರು. ರಟ್ಟಿನ ಗೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಇಳಕಲ್ ಸೀರೆ ಉಟ್ಟಿದ್ದೆ. ಮಕ್ಕಳ ಸೃಜನಶೀಲತೆ, ಶಿಕ್ಷಕರ ಮಾರ್ಗದರ್ಶನ ಅಂತೆಲ್ಲ ಅರ್ಧ ತಾಸು ಮಾತಾಡಿದೆ. ‘ನಮ್ಮ ಮಕ್ಕಳು’ ಅಂತ ಹತ್ತು ಸಲ ಅಂದಿರಬೇಕು. ಪಾಲಮ್ಮನ ಹೆಸರನ್ನು ಒಂದು ಸಲವೂ ಹೇಳಲಿಲ್ಲ. ಹೇಳಿದರೆ, ಆ ಹುಡುಗಿ ಶಾಲೆಯ ಹೊರಗೆ ಯಾಕಿದ್ದಳು ಅಂತ ಯಾರಾದರೂ ಕೇಳುತ್ತಿದ್ದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಮರುದಿನ ಹಾಜರಿ ಕರೆಯುವಾಗ ಗೋಡೆಯ ಕಡೆ ನೋಡಿದೆ. ಗೇಟಾದ ಮೇಲೆ ಪಾಲಮ್ಮ ಅಲ್ಲಿ ಗಲ್ಲವೂರಲು ಬಂದೇ ಇರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರವಾದ ಮೇಲೆ ಸಂಜೆ ಶಾಲೆ ಬಿಟ್ಟು ಅವಳನ್ನು ಹುಡುಕಿಕೊಂಡು ಹೋದೆ. ಕೆರೆಯ ಏರಿಯ ಮೇಲೆ ಕೂತಿದ್ದಳು, ಕೆಳಗೆ ಆಡುಗಳು ಮೇಯುತ್ತಿದ್ದವು. ಯಾಕೆ ಈ ಕಡೆ ಬರುತ್ತಿಲ್ಲ ಅಂತ ಕೇಳಿದೆ.

“ಗೇಟ್ ಆತಲ್ರಿ. ಇನ್ನ ಅಲ್ಲೇನ್ ಕೆಲಸ ಐತಿ ನಂದು?” ಅಂದಳು, ಬೇಸರವಿಲ್ಲದೆ.

ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಗೆ ಬಂತು. ಅಷ್ಟು ದಿನ ಆಡುಗಳು ತಾವಾಗಿ ಶಾಲೆಗೆ ನುಗ್ಗುತ್ತಿರಲಿಲ್ಲ. ಇವಳೇ ಬಿಡುತ್ತಿದ್ದಳು. ಆಡು ಹೊಡೆಯುವ ನೆಪದಲ್ಲಿ ತಾನೂ ಒಳಗೆ ಬಂದು, ನನ್ನ ಕೋಣೆಯ ಹಿಂದಿನ ಕಿಟಕಿಯ ಕೆಳಗೆ ಕೂತು, ಮಾಸ್ತರು ಕೋಲು ಹಿಡಿದು ಬರುವ ತನಕ ಪಾಠ ಕೇಳುತ್ತಿದ್ದಳು. ಅವಳಿಗೆ ಹದಿಮೂರರ ಮಗ್ಗಿಯವರೆಗೆ ಬರುತ್ತಿತ್ತು.

“ನೀವು ನನ್ನ ಹೆಸರು ಕರಿತಿದ್ರಿ. ನಾನು ಸಣ್ಣಗ ಹಾಜರ್ ಅಂತಿದ್ದೆ. ನಿಮಗ ಕೇಳಿಸ್ತಿದ್ದಿಲ್ಲ.”

ಗೇಟಾದರೆ ನೀನು ಬರುವ ದಾರಿಯೂ ಮುಚ್ಚುತ್ತದೆ ಅಂತ ನಿನಗೆ ಗೊತ್ತಿತ್ತಲ್ಲ, ಮತ್ತೆ ಯಾಕೆ ಹೇಳಿಕೊಟ್ಟೆ ಅಂದೆ.

“ನೀವು ಕೇಳಿದ್ರಲ್ರಿ ಟೀಚರ್. ನನ್ನ ಯಾರೂ ಏನೂ ಕೇಳಿದ್ದಿಲ್ಲ.”

ಆ ಸಂಜೆ ಬಸ್ಸು ತಪ್ಪಿತು. ಯಾವುದೋ ಲಾರಿಯಲ್ಲಿ ಮನೆ ಸೇರಿದೆ. ದಾರಿಯುದ್ದಕ್ಕೂ ಹಗರಿಬೊಮ್ಮನಹಳ್ಳಿಯ ಚಪ್ಪಾಳೆ ಕಿವಿಯಲ್ಲಿ ಕೆಟ್ಟದಾಗಿ ಕೇಳುತ್ತಿತ್ತು.

ಮರುದಿನ ತರಗತಿಗೆ ಎರಡನೆಯ ಸಮಸ್ಯೆ ಕೊಟ್ಟೆ. ಪಾಲಮ್ಮ ಶಾಲೆಗೆ ಬರಬೇಕು, ಆಡೂ ಮೇಯಬೇಕು, ಏನು ಮಾಡೋಣ? ಈ ಸಲ ಟಿಪ್ಪಣಿಯಲ್ಲಿ ಉತ್ತರ ಬರೆದಿರಲಿಲ್ಲ. ತಾನು ಶಾಲೆ ಬಿಟ್ಟು ದಿನವೆಲ್ಲ ಆಡು ಕಾಯಲು ಸಿದ್ಧ ಅಂತ ತಿಪ್ಪೇಶಿ ತಕ್ಷಣ ಎದ್ದು ನಿಂತ. ಅವನ ತ್ಯಾಗವನ್ನು ಒಪ್ಪಿಕೊಳ್ಳಲಿಲ್ಲ. ಎಲ್ಲರೂ ಬರುವಾಗ ಒಂದೊಂದು ಹಿಡಿ ಸೊಪ್ಪು ತರೋಣ, ಆಡುಗಳನ್ನು ಶಾಲೆಯ ಹೊರಗೆ ಕಟ್ಟೋಣ ಅಂದರು ಕೆಲವರು. ಅದನ್ನು ಹೇಳಲು ನಾನು ಅವಳ ಅಜ್ಜಿ ಓಬಮ್ಮನ ಹತ್ತಿರ ಹೋದೆ. ಆಡುಗಳು ಅಜ್ಜಿಯವು. ಮಂಡಿನೋವಿನಿಂದ ಅಜ್ಜಿಗೆ ದೂರ ನಡೆಯಲಾಗುತ್ತಿರಲಿಲ್ಲ. ಅವ್ವ ಅಪ್ಪ ಇಬ್ಬರೂ ಕೂಲಿಗೆ ಹೋಗುತ್ತಿದ್ದರು.

“ಕಟ್ಟಿ ಹಾಕಿದ್ರ ಆಡು ಬದುಕ್ತಾವೇನ್ರಿ? ಅವು ಅಡ್ಡಾಡಿ ಮೇಯಾವು. ನಿಮ್ಮ ಹುಡುಗ್ರನ್ನ ಕೂಡಿ ಹಾಕಿದಂಗ ಆಡು ಕೂಡಿ ಹಾಕಾಕ ಬರಾದಿಲ್ಲ,” ಅಂದಳು ಅಜ್ಜಿ.

ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಸೋತು ಬಂದೆ. ಸೋಲದವರು ಮಕ್ಕಳೇ. ಅವರಿಗೆ ಆಗಲೇ ಒಂದು ಅಭ್ಯಾಸವಾಗಿತ್ತು: ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳುವುದು. ಮೂರು ಜನ ಹೋಗಿ ಪಾಲಮ್ಮನ ಹಿಂದೆ ಒಂದು ಭಾನುವಾರ ಪೂರ್ತಿ ಅಲೆದು, ಆಡುಗಳು ಯಾವ ಹೊತ್ತಿಗೆ ಏನು ಮಾಡುತ್ತವೆ ಅಂತ ಸ್ಲೇಟಿನ ಮೇಲೆ ಬರೆದುಕೊಂಡು ಬಂದರು. ಬೆಳಿಗ್ಗೆ ಮೇಯುತ್ತವೆ. ಬಿಸಿಲೇರಿ ಹನ್ನೆರಡಾದರೆ ನೆರಳಿಗೆ ಸೇರಿ ಮೆಲುಕು ಹಾಕುತ್ತವೆ. ಮೂರೂವರೆಯ ತನಕ ಏಳುವುದಿಲ್ಲ. ಆಮೇಲೆ ಮತ್ತೆ ಮೇವು. ಶಾಲೆಯ ಎದುರೇ ದೊಡ್ಡ ಹುಣಸೆಮರಗಳಿವೆ. ಅಜ್ಜಿ ಅಲ್ಲಿಯ ತನಕ ನಡೆಯಬಲ್ಲಳು, ಅಷ್ಟು ಹೊತ್ತು ಆಡು ಕಾಯಬಲ್ಲಳು.

ಆ ಸ್ಲೇಟು ಹಿಡಿದುಕೊಂಡು ಮಾಸ್ತರ ಮುಂದೆ ನಿಂತೆ. ನಮ್ಮಲ್ಲಿ ಕನ್ನಡ, ಲೆಕ್ಕ ಬೆಳಿಗ್ಗೆ. ಹಾಡು, ಚಿತ್ರ, ಆಟ ಮಧ್ಯಾಹ್ನದ ಮೇಲೆ. ಅದನ್ನು ತಿರುಗಿಸಿಬಿಡೋಣ ಅಂದೆ. ಊಟ ಮಾಡಿದ ಮೇಲೆ ಲೆಕ್ಕ ಹೇಳಿದರೆ ಮಕ್ಕಳು ತೂಕಡಿಸುತ್ತಾರೆ, ಮೇಲಿನವರು ಬಂದರೆ ಏನು ಹೇಳುವುದು ಅಂತ ಅವರು ತಕರಾರು ತೆಗೆದರು. ನಾನು ಅವಳು ಕಿಟಕಿಯ ಕೆಳಗೆ ಕೂತು ಹಾಜರ್ ಅನ್ನುತ್ತಿದ್ದುದನ್ನು ಹೇಳಿದೆ. ಮಾಸ್ತರು ಆ ಕಿಟಕಿಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಿದರು. ಎಷ್ಟು ಸಲ ಅಲ್ಲಿಂದ ಅವಳನ್ನು ಅಟ್ಟಿದ್ದರೋ, ಅದನ್ನೆಲ್ಲ ನೆನೆಸಿಕೊಂಡಿರಬೇಕು. ಆಮೇಲೆ ಚಾಕ್‌ಪೀಸ್ ತೆಗೆದುಕೊಂಡು, ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸಿ, ಹೊಸದಾಗಿ ಬರೆದರು.

“ಇನ್ನ ಮ್ಯಾಲ ಆಕಿ ಬಂದ ದಿನ ಅಷ್ಟ ಹಾಜರಿ ಹಾಕ್ರಿ. ಯಾರನ್ನ ಎತ್ತತಾರೋ ಎತ್ತಲಿ,” ಅಂದರು.

ಯಾರನ್ನೂ ಎತ್ತಲಿಲ್ಲ. ಮುಂದಿನ ಬುಧವಾರ ಹನ್ನೆರಡಕ್ಕೆ ಓಬಮ್ಮಜ್ಜಿ ಹುಣಸೆಮರದ ಕೆಳಗೆ ಆಡುಗಳ ನಡುವೆ ಕೂತಳು. ಪಾಲಮ್ಮ ಗಳವನ್ನು ಅಜ್ಜಿಯ ಕೈಗೆ ಕೊಟ್ಟು, ಟವೆಲ್ ಬಿಚ್ಚಿ ತಲೆ ಸವರಿಕೊಂಡು, ಗೇಟು ಎಳೆದು ಒಳಗೆ ಬಂದಳು. ಮಕ್ಕಳು ಊಟದ ನಂತರ ತೂಕಡಿಸಿದ್ದು ನಿಜ. ನಾನೂ ತೂಕಡಿಸಿದೆ. ಮಗ್ಗಿ ಹೇಳುವುದು ನಿಂತರೆ ಅಜ್ಜಿ ಮರದ ಕೆಳಗಿನಿಂದಲೇ, ಒಳಗೆ ಎಲ್ಲರೂ ಇದ್ದಾರೋ ಇಲ್ಲವೋ ಅಂತ ವಿಚಾರಿಸುತ್ತಿದ್ದಳು. ಆ ಭಯಕ್ಕೆ ನಾವೆಲ್ಲ ಎಚ್ಚರವಾಗಿರುತ್ತಿದ್ದೆವು.

ಮುಂದೆ ನನಗೆ ಕೊಟ್ಟೂರಿನ ಕಡೆ ವರ್ಗವಾಯಿತು. ಪಾಲಮ್ಮ ಏಳನೆಯದು ಮುಗಿಸಿ ಕಾನಹೊಸಹಳ್ಳಿಯ ಹೈಸ್ಕೂಲಿಗೆ ಹೋಗುತ್ತಿದ್ದಾಳೆ, ಹತ್ತನೆಯದರಲ್ಲಿ ಇಂಗ್ಲಿಷ್ ಒಂದು ಕೈಕೊಟ್ಟಿತಂತೆ, ಎರಡನೆಯ ಸಲ ಕಟ್ಟಿ ಪಾಸಾದಳಂತೆ ಅಂತ ಆಗಾಗ ಸುದ್ದಿ ಬರುತ್ತಿತ್ತು. ಆಮೇಲೆ ಸುದ್ದಿಯೂ ನಿಂತಿತು.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ಕೊಟ್ಟೂರಿನಲ್ಲಿ ನಾನು ಯಾವಾಗಲೂ ರವಿಕೆ ಹೊಲಿಸುತ್ತಿದ್ದ ಅಂಗಡಿಗೆ ಹೋದೆ. ಅಳತೆ ತೆಗೆಯಲು ಒಳಗಿನಿಂದ ಒಬ್ಬ ಹೊಸ ಹುಡುಗಿ ಬಂದಳು, ಕೊರಳಲ್ಲಿ ಟೇಪು. ನನ್ನ ಮುಖ ನೋಡಿ ಒಂದು ಗಳಿಗೆ ನಿಂತು, ಬಗ್ಗಿ ಕಾಲು ಮುಟ್ಟಿದಳು. ಮೇಲೆದ್ದ ಮೇಲೆ ಗುರುತು ಸಿಕ್ಕಿತು. ಕಣ್ಣು ಅವೇ, ಕೇಳಿದವರನ್ನು ತುಸು ಪರೀಕ್ಷಿಸಿ ಆಮೇಲೆ ಉತ್ತರ ಕೊಡುವ ಕಣ್ಣು. ಅಜ್ಜಿ ತೀರಿಕೊಂಡಳಂತೆ. ಕೂಡ್ಲಿಗಿಯಲ್ಲಿ ಹೊಲಿಗೆ ಕಲಿತಳಂತೆ. ಬರುವ ವರ್ಷ ತನ್ನದೇ ಮಿಷನ್ನು ಹಾಕುತ್ತಾಳಂತೆ. ಹಗರಿಬೊಮ್ಮನಹಳ್ಳಿಯ ಸಭೆಯಲ್ಲಿ ನಿನ್ನ ಹೆಸರು ಹೇಳಲಿಲ್ಲ ಅಂತ ನಾನು ತಡವರಿಸುತ್ತ ಹೇಳಿದೆ. ಅವಳಿಗೆ ಆ ಸಭೆ ನಡೆದದ್ದೇ ಗೊತ್ತಿರಲಿಲ್ಲ. ಇರಲಿ ಬಿಡ್ರಿ ಅಂದು ಟೇಪು ಬಿಚ್ಚಿದಳು.

ಹಳೆಯ ರವಿಕೆಯ ಅಳತೆಗೇ ಹೊಲಿ ಅಂದೆ. ಇಪ್ಪತ್ತು ವರ್ಷದಿಂದ ಎಲ್ಲ ದರ್ಜಿಗಳಿಗೂ ನಾನು ಹೇಳುತ್ತಿದ್ದ ಮಾತು ಅದೇ. ಅವಳು ಹಳೆಯ ರವಿಕೆಯನ್ನು ಕೈಯಲ್ಲಿ ಹಿಡಿದು, ಕಂಕುಳಲ್ಲಿ ಬಿಚ್ಚಿ ಮತ್ತೆ ಮತ್ತೆ ಹಾಕಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಳತೆ ತೆಗೆಯಲಿಲ್ಲ.

“ಬೋರ್ಡಿನ ಮ್ಯಾಲ ಬರಿಯುವಾಗ ಕೈ ಎತ್ತಾಕ ಹಿಡಿತೈತೇನ್ರಿ ಟೀಚರ್?”

ಹೌದು ಅಂದೆ. ನನ್ನನ್ನೂ ಯಾರೂ ಅದನ್ನು ಕೇಳಿರಲಿಲ್ಲ. ಅವಳು ಅಂಗಡಿಯ ಗೋಡೆಯ ಕಡೆ ತೋರಿಸಿ, ಬರೆಯುವ ಹಾಗೆ ಕೈ ಎತ್ತಿ ನಿಲ್ಲಲು ಹೇಳಿದಳು. ಗಿರಾಕಿಗಳ ಎದುರಿಗೆ ನಾನು ಖಾಲಿ ಗೋಡೆಯ ಮೇಲೆ ಬರೆಯುತ್ತ ನಿಂತೆ. ಅವಳು ಆ ತೋಳಿನ ಸುತ್ತ ಟೇಪು ಹಿಡಿದು, ಇನ್ನೂ ಮೇಲೆ, ಇನ್ನೂ ಸ್ವಲ್ಪ ಮೇಲೆ ಅನ್ನುತ್ತ ಅಳತೆ ಬರೆದುಕೊಂಡಳು.

ರವಿಕೆ ಬಂದ ಮರುದಿನ ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಹೋದೆ. ಬೋರ್ಡಿನ ತುತ್ತತುದಿಯಲ್ಲಿ, ಯಾವತ್ತೂ ಕೈ ಎಟುಕದ ಜಾಗದಲ್ಲಿ, ದಿನಾಂಕ ಬರೆದೆ. ತೋಳು ಎಲ್ಲಿಯೂ ಹಿಡಿಯಲಿಲ್ಲ.